ನೆಮ್ಮದಿ ಗುಂಪಿನ ಇಲಿಗಳು

ಹೂವಿನ ಚಕ್ರ ಹೊಸ್ತಿಲು ದಾಟದಂತೆ ಸತ್ತವನ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಸಂಶೋಧನಾ ಸಂಸ್ಥೆಯ ಡ್ರೈವರ್ ಅದನ್ನು ಎದೆಗೊತ್ತಿಕೊಂಡು ಮೂರು ಮಹಡಿಯ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದ. ಅವಳು ಕನ್ನಡಕ ಮೇಲೇರಿಸಿಕೊಂಡು, ಚಕ್ರಕ್ಕೆ ಅಂಟಿಸಿದ್ದ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ಮೂವತ್ತೊಂದು ವರ್ಷಗಳ ನಿಷ್ಠಾವಂತ ಸೇವೆಗೆ ಕೃತಜ್ಞತೆಯಿಂದ, ಎಂದಿತ್ತು.

"ನಾಲ್ಕು ತಿಂಗಳ ಹಿಂದೆ ಕಳಿಸಿದ ಕಾಗದದಲ್ಲಿ ಈ ಮಾತಿರಲಿಲ್ವಲ್ಲಪ್ಪ," ಎಂದಳು. "ಕೆಳಗೆ ತಗೊಂಡು ಹೋಗಿ ಕಾರಲ್ಲಿಡು. ಬರೆಸಿದವರಿಗೇ ವಾಪಸ್ ಕೊಟ್ಬಿಡು."

ಡ್ರೈವರ್ ಹೋಗಲೂ ಆಗದೆ ಒಳಗೆ ಬರಲೂ ಆಗದೆ ನಿಂತ. ಕೊಟ್ಟು ಬಾ ಎಂದರು, ತಂದಿದ್ದೇನೆ, ಇದರಲ್ಲಿ ನನ್ನದೇನಿದೆ ಎಂದು ತಡವರಿಸಿದ. ಅವನದೇನೂ ಇಲ್ಲವೆಂದು ಅಕ್ಕನಿಗೂ ಗೊತ್ತಿತ್ತು. ಕೊನೆಗೆ ಅವನು ಚಕ್ರವನ್ನು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿಸಿ, ಬರಿಗೈಯಲ್ಲಿ ಒಳಗೆ ಬಂದು, ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತುಕೊಂಡ. ಮಂಚದ ಮೇಲೆ ಕುತ್ತಿಗೆಯವರೆಗೆ ಬಿಳಿ ಹೊದಿಕೆ ಹೊದ್ದು ಇಲಿಯಣ್ಣ ಮಲಗಿದ್ದ.

ಇಲಿಯಣ್ಣ ಎನ್ನುವುದು ಸಂಸ್ಥೆಯವರು ಇಟ್ಟ ಹೆಸರು. ಅಲ್ಲಿನ ಪ್ರಾಣಿಮನೆಯಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಮೊದಮೊದಲು ಹೆಂಡತಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಆಮೇಲೆ ಕಟ್ಟಡದ ನೆರೆಯವರೆಲ್ಲ ಹಾಗೇ ಕರೆಯತೊಡಗಿದ ಮೇಲೆ, ತನ್ನಲ್ಲಿ ಬಟ್ಟೆ ಹೊಲಿಸಲು ಬರುವವರಿಗೆ ಅವಳೇ "ಇಲಿಯಣ್ಣನ ಮನೆ ಅಂತ ಕೇಳಿ, ತೋರಿಸ್ತಾರೆ" ಎಂದು ವಿಳಾಸ ಹೇಳುತ್ತಿದ್ದಳು. ಮಕ್ಕಳಿರಲಿಲ್ಲ. ಇದ್ದಿದ್ದರೆ ಇಲಿಗಳಿಗೆ ಸಿಕ್ಕ ಉಪಚಾರದಲ್ಲಿ ಅರ್ಧವಾದರೂ ಅವಕ್ಕೆ ಸಿಗುತ್ತಿತ್ತೋ ಇಲ್ಲವೋ ಎಂದು ಅಕ್ಕ ತಮ್ಮನನ್ನು ಛೇಡಿಸುತ್ತಿದ್ದಳು.

ನಿನ್ನೆ ಬೆಳಿಗ್ಗೆ ಅವನು ಎಂದಿನಂತೆ ಐದಕ್ಕೆ ಎದ್ದು, ಕೆಲಸದ ಅಂಗಿ ತೊಟ್ಟು, ಬೂಟಿನ ಲೇಸು ಕಟ್ಟಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ. ಹೋಗಬೇಕಾದ ಕೆಲಸವೇ ಇರಲಿಲ್ಲ. ನಾಲ್ಕು ತಿಂಗಳಿಂದ ಹೀಗೆ ಕುಳಿತುಕೊಳ್ಳುತ್ತಿದ್ದ. ಏಳಕ್ಕೆ ಹೆಂಡತಿ ಮಾತಾಡಿಸಿದಾಗ ತಲೆ ವಾಲಿತ್ತು. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ಏಕೆ ನಿಂತಿತು ಎಂದು ಬರೆಯುವ ಅಂಕಣ ಆ ಹಾಳೆಯಲ್ಲಿ ಇರಲಿಲ್ಲ.

ಅಕ್ಕ ನಲವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ಕಳ್ಳರ, ಸುಳ್ಳರ, ಅಮಾಯಕರ ಹೇಳಿಕೆಗಳನ್ನೆಲ್ಲ ಒಂದೇ ವೇಗದಲ್ಲಿ ಟೈಪ್ ಮಾಡಿದವಳು. ಅವಳ ಚೀಲದಲ್ಲಿ ಸಂಸ್ಥೆಯ ಕಾಗದವಿತ್ತು. ಪ್ರಾಣಿಗಳನ್ನು ಒರಟಾಗಿ ಹಿಡಿದು ಪ್ರಯೋಗಕ್ಕೆ ಹಾನಿ ಮಾಡಿದ್ದರಿಂದ ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡಲಾಗಿದೆ, ಎಂದು ಅದರಲ್ಲಿತ್ತು. ಅದನ್ನು ಡ್ರೈವರನ ಮುಂದೆ ಹಿಡಿದಳು.

"ಚಿತಾಗಾರದಲ್ಲಿ ನಾಲ್ಕು ಗಂಟೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ, ನನ್ನ ತಮ್ಮ ಒರಟನಲ್ಲ ಅನ್ನೋ ಮಾತು ಸಂಸ್ಥೆಯವರೊಬ್ಬರ ಬಾಯಿಂದ ಎಲ್ಲರ ಎದುರು ಬರಬೇಕು. ದುಡ್ಡು ಬೇಡ, ಹೂವು ಬೇಡ. ಈ ಕಾಗದ ಹೊತ್ಕೊಂಡು ಅವನು ಬೆಂಕಿಗೆ ಹೋಗಬಾರದು."

ಡ್ರೈವರ್ ನೆಲ ನೋಡಿದ. ಇಲಿಯ ಆಹಾರದ ಮೂಟೆಗಳನ್ನು ಇಪ್ಪತ್ತು ವರ್ಷ ಅವನೂ ಇಲಿಯಣ್ಣನೂ ಸೇರಿ ಇಳಿಸಿದ್ದರು. ಮಾತಾಡಬೇಕಾದವನು ತಾನಲ್ಲ, ಸಂಶೋಧನೆ ಮಾಡುವ ಹುಡುಗಿ, ಆ ದಿನ ಕೋಣೆಯೊಳಗಿದ್ದವಳು ಅವಳು, ಎಂದಷ್ಟೇ ಹೇಳಿದ.

*

ಪ್ರಾಣಿಮನೆ ಇದ್ದದ್ದು ಸಂಸ್ಥೆಯ ನೆಲಮಾಳಿಗೆಯಲ್ಲಿ. ಎರಡು ಕೋಣೆ, ನಡುವೆ ಒಂದು ಓಣಿ, ಓಣಿಯ ಕೊನೆಗೆ ಪಂಜರ ತೊಳೆಯುವ ತೊಟ್ಟಿ. ಕಿಟಕಿಯಿಲ್ಲ. ಬೆಳಿಗ್ಗೆ ಏಳಕ್ಕೆ ದೀಪ ತಾನಾಗಿ ಹತ್ತುತ್ತಿತ್ತು, ಸಂಜೆ ಏಳಕ್ಕೆ ತಾನಾಗಿ ಆರುತ್ತಿತ್ತು. ಇಲಿಗಳಿಗೆ ಅದೇ ಸೂರ್ಯ.

ಪ್ರೊಫೆಸರು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದ ಪ್ರಶ್ನೆ ಕೆಟ್ಟದ್ದೇನಲ್ಲ. ಒಂದೇ ಸಲ ದೊಡ್ಡ ಆಪತ್ತು ಬಂದರೆ ಜೀವ ಹೇಗೋ ಸಂಭಾಳಿಸಿಕೊಳ್ಳುತ್ತದೆ. ದಿನವೂ ಸಣ್ಣಪುಟ್ಟ ಕಿರುಕುಳ ಬಂದರೆ, ಅದೂ ಯಾವಾಗ ಏನು ಬರುತ್ತದೆಂದು ಗೊತ್ತೇ ಆಗದಂತೆ ಬಂದರೆ, ಮೈಯಲ್ಲಿ ಏನಾಗುತ್ತದೆ? ಅದಕ್ಕೆ ಒಂದು ಪಟ್ಟಿ ಇತ್ತು. ಒಂದು ದಿನ ಪಂಜರವನ್ನು ಓರೆಯಾಗಿ ಇಡುವುದು. ಒಂದು ದಿನ ಹಾಸಿದ ಮರದ ಹೊಟ್ಟನ್ನು ಒದ್ದೆ ಮಾಡುವುದು. ಮತ್ತೊಂದು ದಿನ ದೀಪ ಆರಿಸದೆ ಬಿಡುವುದು, ಗುರುತಿಲ್ಲದ ಇಲಿಯನ್ನು ಒಳಗೆ ಬಿಡುವುದು, ನೀರಿನ ತೊಟ್ಟಿಯಲ್ಲಿ ಈಜಿಸುವುದು. ಯಾವ ದಿನ ಯಾವುದು ಎಂದು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಒಂದು ಕೋಣೆಯ ಇಲಿಗಳಿಗೆ ಈ ಪಟ್ಟಿ. ಇನ್ನೊಂದು ಕೋಣೆಯವಕ್ಕೆ ಏನೂ ಇಲ್ಲ. ಅವನ್ನು ಸುಮ್ಮನೆ ಬದುಕಲು ಬಿಟ್ಟು, ಕೊನೆಗೆ ಎರಡರ ರಕ್ತವನ್ನೂ ಹೋಲಿಸಿ ನೋಡುವುದು. ಪ್ರಬಂಧಗಳಲ್ಲಿ ಈ ಗುಂಪುಗಳಿಗೆ ದೊಡ್ಡ ಹೆಸರುಗಳಿದ್ದವು. ನೆಲಮಾಳಿಗೆಯಲ್ಲಿ ಕಷ್ಟದ ಕೋಣೆ, ನೆಮ್ಮದಿ ಕೋಣೆ ಎನ್ನುತ್ತಿದ್ದರು. ಹೆಸರಿಟ್ಟವನು ಇಲಿಯಣ್ಣನೇ.

ಎರಡೂ ಕೋಣೆ ಅವನ ಕೈಯಲ್ಲಿದ್ದವು. ಕಿರುಕುಳ ಕೊಡುವ ಕೈಯೂ ಅವನದೇ. ನಿಮಗೆ ಅದು ಹೇಗೆ ಮನಸ್ಸು ಬರುತ್ತದೆ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ತಾನು ಬಿಟ್ಟರೆ ಇನ್ನೊಬ್ಬ ಬರುತ್ತಾನೆ, ಅವನು ಪಟ್ಟಿಯಲ್ಲಿ ಇಲ್ಲದ್ದನ್ನೂ ಮಾಡುತ್ತಾನೆ, ಎಂದಿದ್ದ. ಈಜಿಸಿದ ಇಲಿಗಳನ್ನು ಒರೆಸಲು ಟವಲುಗಳನ್ನು ಬಿಸಿನೀರಿನ ಕೊಳವೆಯ ಮೇಲೆ ಹಾಕಿ ಬೆಚ್ಚಗೆ ಮಾಡಿಡುತ್ತಿದ್ದ. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಇರಬಾರದು ಎಂದೂ ಇರಲಿಲ್ಲವಾದ್ದರಿಂದ ಅವನು ಮಾಡುತ್ತಿದ್ದ.

ನೆಮ್ಮದಿ ಕೋಣೆಯ ಕೆಲಸ ಹೆಚ್ಚು ಕಷ್ಟದ್ದು ಎಂದು ಹೊಸಬರಿಗೆ ಹೇಳಿದರೆ ನಗುತ್ತಿದ್ದರು. ಕಷ್ಟ ಕೊಡಲು ಯಾರಿಗೆ ಬರುವುದಿಲ್ಲ? ಕೊಡದೆ ಇರುವುದೇ ವಿದ್ಯೆ. ಪಂಜರ ಮುಟ್ಟುವ ಮೊದಲು ಬೆರಳಿನಿಂದ ಎರಡು ಸಲ ಮೆಲ್ಲಗೆ ತಟ್ಟಿ "ನಾನು ಬಂದೆ" ಎನ್ನಬೇಕು. ಬಾಲ ಹಿಡಿದು ಎತ್ತಬಾರದು, ಎರಡೂ ಕೈಯನ್ನು ಹೊಟ್ಟೆಯ ಕೆಳಗೆ ಬೊಗಸೆ ಮಾಡಿ ಅದು ತಾನಾಗಿ ಹತ್ತುವವರೆಗೆ ಕಾಯಬೇಕು. ಸೆಂಟು ಹಾಕಿಕೊಂಡು ಬರಬಾರದು. ಬೆಕ್ಕು ಸಾಕಿದವರು ಅಂಗಿ ಬದಲಾಯಿಸದೆ ಒಳಗೆ ಕಾಲಿಡಬಾರದು. ಗಾಬರಿಯಾದ ಇಲಿಯ ರಕ್ತದಲ್ಲಿ ಒತ್ತಡದ ಹಾರ್ಮೋನು ಮೂರು ನಿಮಿಷದಲ್ಲೇ ಏರತೊಡಗುತ್ತದೆ. ಆದ್ದರಿಂದ ಪಂಜರ ಮುಟ್ಟಿದ ಮೂರು ನಿಮಿಷದೊಳಗೆ ಬಾಲದ ತುದಿಯಿಂದ ಹನಿ ರಕ್ತ ತೆಗೆದು ಮುಗಿಸಬೇಕು. ಅವನು ಇಲಿಯನ್ನು ಹಿಡಿದರೆ ಎರಡು ನಿಮಿಷ ಸಾಕಾಗುತ್ತಿತ್ತು. ಪ್ರೊಫೆಸರ ಪ್ರಬಂಧಗಳು ಊರೂರು ತಿರುಗಿ ಹೆಸರು ಮಾಡಿದ್ದು ಆ ಎರಡು ನಿಮಿಷದ ಮೇಲೆ.

ಕೋಣೆಯ ಬಾಗಿಲಿಗೆ ದಾರ ಕಟ್ಟಿದ ಒಂದು ಪುಸ್ತಕ ನೇತಾಡುತ್ತಿತ್ತು. ಯಾರು ಬಂದರು, ಎಷ್ಟು ಹೊತ್ತಿಗೆ, ಏನು ಮಾಡಿದರು, ಎಲ್ಲವನ್ನೂ ಬರೆಯಬೇಕು. ಹೊಸ ವಿದ್ಯಾರ್ಥಿಗಳಿಗೆ ಅವನು ಹೇಳುತ್ತಿದ್ದ ಮೊದಲ ಪಾಠವೂ ಅದೇ. ಪುಸ್ತಕದಲ್ಲಿ ಇಲ್ಲದ್ದು ನಡೆದೇ ಇಲ್ಲ.

*

ಸಂಶೋಧನೆಯ ಹುಡುಗಿ ಎರಡು ಗಂಟೆಗೆ ಬಂದಳು. ಇನ್ನೂ ಡಾಕ್ಟರೇಟ್ ಸಿಗದಿದ್ದರೂ ಇಲಿಯಣ್ಣ ಅವಳನ್ನು ಮೊದಲ ದಿನದಿಂದ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದ. ಅವಳು ಮಂಚದ ಬಳಿ ನಿಂತು ಮುಖ ನೋಡಿದಳು, ಅಳಲಿಲ್ಲ. ಅಕ್ಕ ಅವಳ ಮೊಣಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಹೆಂಡತಿ ಒಲೆಯ ಪಕ್ಕ ನೆಲದ ಮೇಲೆ ಕುಳಿತು ಲೋಟ ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ಮೇಜಿನ ಮೇಲೆ ಅಕ್ಕ ಒಂದು ಬಿಳಿ ಹಾಳೆ, ಪೆನ್ನು ಇಟ್ಟಿದ್ದಳು. ಆ ದಿನ ಕೋಣೆಯಲ್ಲಿ ನಡೆದದ್ದನ್ನು ಬರೆದು ಸಹಿ ಹಾಕು, ಬೇರೇನೂ ಬೇಡ, ಎಂದಳು. ಹುಡುಗಿ ಹಾಳೆಯನ್ನು ನೋಡಿದಳು. ಅವಳು ಅಲ್ಲಗಳೆಯಲಿಲ್ಲ. ತನ್ನ ನಾಲ್ಕು ವರ್ಷದ ಕೆಲಸಕ್ಕೆ ಸಹಿ ಹಾಕಬೇಕಾದವರು ಪ್ರೊಫೆಸರು, ಮುಂದಿನ ತಿಂಗಳು ಪ್ರಬಂಧ ಒಪ್ಪಿಸಬೇಕು, ಊರಿನಲ್ಲಿ ತನ್ನ ಸಂಬಳವನ್ನೇ ನಂಬಿಕೊಂಡ ಮನೆಯಿದೆ, ಎಂದು ಒಂದೊಂದನ್ನೇ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು.

"ಬೆಕ್ಕಿಗೆ ಗಂಟೆ ಕಟ್ಟೋದು ಇಲಿ ಕೈಲಿ ಆಗಲ್ಲ, ನಂಗೂ ಗೊತ್ತು," ಎಂದಳು ಅಕ್ಕ. "ಆದ್ರೆ ನೀನು ಇಲಿಯಲ್ಲವಲ್ಲ ತಾಯಿ."

ಹುಡುಗಿ ಪೆನ್ನು ಮುಟ್ಟಲಿಲ್ಲ. ಆಗ ಲೋಟ ಒರೆಸುತ್ತಿದ್ದ ಹೆಂಡತಿ ತಲೆಯೆತ್ತಿದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

"ಪ್ರಯೋಗ ಮುಗಿದ ಮೇಲೆ ಇಲೀನ ಕೊಯ್ದು, ಮೂತ್ರಪಿಂಡದ ಮೇಲಿರೋ ಪುಟ್ಟ ಗ್ರಂಥೀನ ತೂಗ್ತೀರಂತಲ್ಲ. ಕಷ್ಟಪಟ್ಟ ಇಲೀದು ದಪ್ಪಗಾಗಿರುತ್ತೆ ಅಂತ ಇವರು ಹೇಳ್ತಿದ್ರು. ಇವರದ್ದೂ ತೂಗಿದ್ದಿದ್ರೆ ಗೊತ್ತಾಗ್ತಿತ್ತಾ ಮಗೂ?"

ಹುಡುಗಿಗೆ ಉತ್ತರ ಗೊತ್ತಿತ್ತು. ಅವಳ ಪ್ರಬಂಧದ ಮೂರನೇ ಅಧ್ಯಾಯ ಅದೇ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಮುಖ ಮುಚ್ಚಿಕೊಂಡಳು, ಮತ್ತು ಹಾಳೆ ಬಿಳಿಯಾಗಿಯೇ ಉಳಿಯಿತು.

*

ಆ ದಿನ ನಡೆದದ್ದು ಇಷ್ಟೇ. ಸಂಸ್ಥೆಗೆ ಹೊಸ ಕಟ್ಟಡ ಕಟ್ಟಿಸಿಕೊಡುವ ಶ್ರೀಮಂತರು ಎಂಟು ಜನ ಬಂದಿದ್ದರು. ಮೇಲಿನ ಯಂತ್ರಗಳನ್ನು ನೋಡಿ ಅವರಿಗೆ ಬೇಸರ ಬಂತು. ಇಲಿ ತೋರಿಸಿ ಎಂದರು. ಪ್ರೊಫೆಸರು ಅವರನ್ನು ನೆಲಮಾಳಿಗೆಗೆ ಇಳಿಸಿಕೊಂಡು ಬಂದರು. ಕಷ್ಟದ ಕೋಣೆ ತೋರಿಸಿದರೆ ಚೆನ್ನಾಗಿರುವುದಿಲ್ಲ ಎಂದು ನೆಮ್ಮದಿ ಕೋಣೆಯ ಬಾಗಿಲು ತೆಗೆಸಿದರು. ಹತ್ತು ತಿಂಗಳ ಪ್ರಯೋಗದ ಕೊನೆಯ ರಕ್ತ ತೆಗೆಯುವ ಬೆಳಿಗ್ಗೆ ಅದು. ಪಂಜರಗಳನ್ನು ಸಾಲಾಗಿ ಜೋಡಿಸಿಟ್ಟು ಇಲಿಯಣ್ಣ, ಹುಡುಗಿ ಇಬ್ಬರೂ ಕೈತೊಳೆದು ನಿಂತಿದ್ದರು.

ಇವತ್ತು ಬೇಡ ಸಾರ್, ಎಂದು ಇಲಿಯಣ್ಣ ಹೇಳಿದ. ಐದೇ ನಿಮಿಷ, ಎಂದರು ಪ್ರೊಫೆಸರು. ಐದು ನಿಮಿಷ ಇಪ್ಪತ್ತೈದಾಯಿತು. ಸೆಂಟಿನ ವಾಸನೆ ಕೋಣೆ ತುಂಬಿತು. ಫೋಟೊ ತೆಗೆದರು, ಬೆಳಕು ಫಳ್ ಫಳ್ ಎಂದಿತು. ಒಬ್ಬಾತ ಉಂಗುರದಿಂದ ಪಂಜರ ಕುಟ್ಟಿ ಇಲಿಯನ್ನು ಮಾತಾಡಿಸಿದ. ಒಬ್ಬಾಕೆ ತನ್ನ ಬೆಕ್ಕು ಇದನ್ನು ನೋಡಿದರೆ ಬಿಡುತ್ತಿರಲಿಲ್ಲ ಎಂದು ನಕ್ಕಳು. ಅವಳ ಕೋಟಿನ ತೋಳಿನ ಮೇಲೆ ಆ ಬೆಕ್ಕಿನ ಬಿಳಿ ಕೂದಲುಗಳಿದ್ದವು. ಇಲಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಮುದ್ದೆಯಾದವು.

ಅವರು ಹೊರಟ ಮೇಲೆ ಇಲಿಯಣ್ಣ ಪುಸ್ತಕ ಎತ್ತಿಕೊಂಡು ಬರೆಯಲು ಹೋದ. ಪ್ರೊಫೆಸರು ತಿರುಗಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಇದನ್ನೆಲ್ಲ ಬರೆಯುವುದು ಬೇಡ, ಪ್ರಾಣಿ ಸಮಿತಿಯವರು ಸುಮ್ಮನೆ ತಲೆ ತಿನ್ನುತ್ತಾರೆ, ಎಂದರು. ಮೂವತ್ತೊಂದು ವರ್ಷದಲ್ಲಿ ಅವರು ಅವನ ಹೆಗಲ ಮೇಲೆ ಕೈಯಿಟ್ಟದ್ದು ಅದೊಂದೇ ಸಲ. ಅವನು ಪುಸ್ತಕವನ್ನು ಮತ್ತೆ ದಾರಕ್ಕೆ ನೇತುಹಾಕಿದ.

ರಕ್ತವನ್ನಾದರೂ ನಾಳೆ ತೆಗೆಯೋಣ ಡಾಕ್ಟರಮ್ಮ, ಎಂದ. ಹುಡುಗಿ ಮೇಲೆ ಹೋಗಿ ಪ್ರೊಫೆಸರನ್ನು ಕೇಳಿ ಬಂದಳು. ಪರೀಕ್ಷೆಯ ಯಂತ್ರ ಇವತ್ತಿಗೆ ಮಾತ್ರ ಸಿಕ್ಕಿದೆ, ತೆಗೆದುಬಿಡಿ, ಎಂದಿದ್ದರು. ತೆಗೆದರು. ನೆಮ್ಮದಿ ಗುಂಪಿನ ಇಲಿಗಳ ಹಾರ್ಮೋನು ಕಷ್ಟದ ಗುಂಪಿನಷ್ಟೇ ಮೇಲಿತ್ತು. ಹತ್ತು ತಿಂಗಳು ನೀರುಪಾಲು. ಪ್ರಯೋಗಕ್ಕೆ ದುಡ್ಡು ಕೊಟ್ಟವರಿಗೆ ಏನಾದರೂ ಕಾರಣ ಹೇಳಬೇಕಾಗಿತ್ತು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಒಂದು ವಾರದಲ್ಲಿ ಕಾಗದ ಬಂತು.

ಮೂವರ ಸಮಿತಿ ವಿಚಾರಣೆ ನಡೆಸಿತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ, ಇವರು ಬೆಟ್ಟ ಅಗೆದು ಇಲಿಯಣ್ಣನನ್ನು ಹಿಡಿದರು. ಆ ಬೆಳಿಗ್ಗೆ ಕೋಣೆಗೆ ಯಾರಾದರೂ ಬಂದಿದ್ದರೇ ಎಂದು ಅವನನ್ನು ಕೇಳಿದರು. ಅವನು ಪಕ್ಕದಲ್ಲಿ ಕುಳಿತಿದ್ದ ಪ್ರೊಫೆಸರ ಮುಖ ನೋಡಿದ. ಅವರು ಫೈಲು ನೋಡುತ್ತಿದ್ದರು. ಪುಸ್ತಕದಲ್ಲಿ ಯಾರೂ ಇಲ್ಲ, ಎಂದ. ಏಕೆ ಹಾಗೆ ಹೇಳಿದಿರಿ ಎಂದು ಹೆಂಡತಿ ಸಂಜೆ ಅತ್ತಳು. ಬರೆಯದೆ ಬಿಟ್ಟವನು ನಾನು ತಾನೇ, ಎಂದ. ಊರಿಗೆಲ್ಲ ಹೇಳಿಕೊಟ್ಟ ಪಾಠವನ್ನು ತಾನೇ ತಪ್ಪಿದೆನೆಂಬ ನಾಚಿಕೆ ಅವನ ಬಾಯಿ ಕಟ್ಟಿತ್ತು. ನಾಚಬೇಕಾದವರು ಬೇರೆಯವರಿದ್ದರು, ಅವರು ಚೆನ್ನಾಗಿ ಊಟ ಮಾಡಿ ಮಲಗಿದರು.

ಆಮೇಲೆ ಶುರುವಾಯಿತು. ಸೋಮವಾರ ಹತ್ತಕ್ಕೆ ಬಾ ಎನ್ನುವರು, ಹೋದರೆ ಸಂಜೆಯವರೆಗೆ ಓಣಿಯಲ್ಲಿ ಕೂರಿಸಿ ನಾಳೆ ಎನ್ನುವರು. ನಾಳೆ ಹೋದರೆ ಯಾಕೆ ಬಂದೆ ಎನ್ನುವರು. ಒಂದು ವಾರ ಕೆಲಸಕ್ಕೆ ವಾಪಸ್ ಎಂದು ಫೋನು ಬಂತು, ಎರಡು ದಿನ ಬಿಟ್ಟು ಅದು ತಪ್ಪಿ ಮಾಡಿದ ಫೋನು ಎಂದರು. ಅವನ ಬೀರುವಿನ ಬೀಗ ಒಡೆದು ಸಾಮಾನನ್ನು ಚೀಲದಲ್ಲಿ ತುಂಬಿ ಕಾವಲಿನವನ ಬಳಿ ಇಟ್ಟರು. ಫೋನು ಬಡಿದರೆ ಅವನ ಹಣೆ ಬೆವರುತ್ತಿತ್ತು. ಬಡಿಯದಿದ್ದರೂ ಬೆವರುತ್ತಿತ್ತು. ತಲೆ ಬಾಚುವುದನ್ನು ಬಿಟ್ಟ.

"ಇದು ನಿಮ್ಮ ಪಟ್ಟಿಯೇ ಅಲ್ವಾ?" ಎಂದು ಒಂದು ದಿನ ಹೆಂಡತಿ ಕೇಳಿದಳು. "ಇಲಿಗೆ ಮಾಡೋದನ್ನೇ ನಿಮಗೆ ಮಾಡ್ತಿದ್ದಾರೆ."

ಅವನು ಬೆರಳು ಮಡಿಸಿ ವಾರ ಎಣಿಸಿದ. "ಇಲ್ಲ," ಎಂದ. "ಒಂದು ಇಲಿಗೆ ಆರು ವಾರಕ್ಕಿಂತ ಜಾಸ್ತಿ ಮಾಡೋ ಹಾಗಿಲ್ಲ. ಪ್ರಾಣಿ ಸಮಿತಿ ಒಪ್ಪಲ್ಲ."

ಆಗ ಎಂಟನೇ ವಾರ ನಡೆಯುತ್ತಿತ್ತು. ಇಲಿಗೊಂದು ಸಮಿತಿ ಇತ್ತು. ಪಂಜರ ಎಷ್ಟು ಅಗಲ, ಕೋಣೆ ಎಷ್ಟು ಬೆಚ್ಚಗೆ, ನೋವು ಎಷ್ಟರವರೆಗೆ, ಎಲ್ಲಕ್ಕೂ ಲೆಕ್ಕವಿತ್ತು. ಇಲಿ ಸಾಕಿದವನಿಗೆ ಅಂಥ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಅವನ ಚಹಾಕ್ಕೆ ಸಕ್ಕರೆ ಹಾಕಲು ಮರೆತಳು. ಮೂರು ಚಮಚ ಹಾಕದಿದ್ದರೆ ಲೋಟ ಮುಟ್ಟದ ಮನುಷ್ಯ. ಪೂರ್ತಿ ಕುಡಿದು ಲೋಟ ಕೆಳಗಿಟ್ಟ. ಇಲಿಗಳ ಮುಂದೆ ಸಕ್ಕರೆ ನೀರಿನ ಬಾಟಲಿ, ಬರೀ ನೀರಿನ ಬಾಟಲಿ ಎರಡನ್ನೂ ಇಡುತ್ತಾರೆಂದು, ಕಷ್ಟಪಟ್ಟು ಸೋತ ಇಲಿ ಸಿಹಿಯ ಕಡೆಗೆ ಹೋಗುವುದನ್ನೇ ಬಿಡುತ್ತದೆಂದು ಅವನೇ ಎಷ್ಟೋ ಸಲ ಹೇಳಿದ್ದ. ಮರುದಿನ ಬೇಕೆಂದೇ ಸಕ್ಕರೆ ಹಾಕಲಿಲ್ಲ. ಅದರ ಮರುದಿನವೂ. ಮೂರನೇ ದಿನ ಅವನು ಖಾಲಿ ಲೋಟ ಕೊಟ್ಟಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

*

ಚಿತಾಗಾರದ ಹಜಾರದಲ್ಲಿ ಮೂವತ್ತು ಕುರ್ಚಿಗಳಿದ್ದವು, ಬಂದವರು ಐವತ್ತು ಜನ. ಕಟ್ಟಡದ ನೆರೆಯವರು, ಹೊಲಿಗೆಯ ಗಿರಾಕಿಗಳು, ಪ್ರಾಣಿಮನೆಯಲ್ಲಿ ಅವನ ಕೈಕೆಳಗೆ ಕೆಲಸ ಕಲಿತವರು ಏಳೆಂಟು ಮಂದಿ. ಒಂದೊಂದು ಶವಕ್ಕೂ ಅರ್ಧ ಗಂಟೆ ಎಂದು ಗುಮಾಸ್ತ ಮೊದಲೇ ಹೇಳಿದ್ದ. ಮುಂದೆ ಎತ್ತರದ ಮಣೆಯ ಮೇಲೆ ಇಲಿಯಣ್ಣ. ಅವನ ಹಿಂದೆ ಕಬ್ಬಿಣದ ಬಾಗಿಲು.

ಪ್ರೊಫೆಸರು ಕಪ್ಪು ಕೋಟು ತೊಟ್ಟು ಬಂದು ಎರಡು ಮಾತು ಆಡಲು ನಿಂತರು. ಅವರು ಚೆನ್ನಾಗಿ ಮಾತಾಡಬಲ್ಲವರು. ವಿಜ್ಞಾನದ ದೊಡ್ಡ ಮನೆಗೆ ಇಂಥವರು ಕಾಣದ ಅಡಿಪಾಯ ಎಂದರು. ಕೆಳಹಂತದ ನೌಕರನಾಗಿದ್ದರೂ ತಮ್ಮ ಕುಟುಂಬದವನಂತಿದ್ದ ಎಂದರು. ಕೊನೆಗಾಲದ ಸಣ್ಣ ಕಹಿಯನ್ನು ಇಂಥ ದಿನ ಯಾರೂ ನೆನೆಯಬಾರದು ಎಂದರು.

ಮೊದಲ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. ಆ ಸಣ್ಣ ಕಹಿ ಯಾವುದು, ಸ್ವಲ್ಪ ಬಿಡಿಸಿ ಹೇಳಿ, ಎಂದಳು. ಪ್ರೊಫೆಸರು ಕೈ ಜೋಡಿಸಿ, ಇದು ಅದಕ್ಕೆ ಜಾಗವಲ್ಲ ಅಮ್ಮ, ಸೋಮವಾರ ಕಚೇರಿಗೆ ಬನ್ನಿ, ಎಂದರು. ಸೋಮವಾರ ಎಂಬ ಮಾತು ಕೇಳಿದ್ದೇ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅಕ್ಕನ ದನಿ ಏರಿತು. ಬಡವನ ಕೋಪ ದವಡೆಗೆ ಮೂಲ ಎಂದು ನಲವತ್ತು ವರ್ಷ ಕೋರ್ಟಿನಲ್ಲಿ ಕಣ್ಣಾರೆ ಕಂಡವಳು ತಾನು, ಇವತ್ತು ದವಡೆ ಹೋದರೂ ಸರಿ, ಎಂದಳು.

ಆಗ ಹಿಂದಿನ ಸಾಲಿನಿಂದ ಕುರ್ಚಿ ಸರಿದ ಸದ್ದಾಯಿತು. ಹುಡುಗಿ ನಿಂತಿದ್ದಳು. ಯಾರ ಕಡೆಗೂ ನೋಡದೆ, ಎದುರಿನ ಗೋಡೆಯನ್ನು ನೋಡಿಕೊಂಡು ಮಾತಾಡಿದಳು.

"ಅವತ್ತು ಬೆಳಿಗ್ಗೆ ಎಂಟು ಜನ ಹೊರಗಿನವರು ಕೋಣೆಗೆ ಬಂದಿದ್ರು. ಇಪ್ಪತ್ತೈದು ನಿಮಿಷ ಇದ್ರು. ಬೇಡ ಅಂತ ಇಲಿಯಣ್ಣ ಹೇಳಿದ್ರು. ಬರೀಬೇಡ ಅಂತ ನೀವು ಹೇಳಿದ್ರಿ ಸಾರ್. ನಾನು ಅಲ್ಲೇ ಇದ್ದೆ. ಇಷ್ಟು ದಿನ ಹೇಳಲಿಲ್ಲ, ನಂದೂ ತಪ್ಪು."

ಹಜಾರದಲ್ಲಿ ಗುಜುಗುಜು ಎದ್ದಿತು. ಪ್ರೊಫೆಸರ ಮುಖ ಕೆಂಪಾಯಿತು, ಆದರೆ ದನಿ ಕದಲಲಿಲ್ಲ. ದುಃಖದಲ್ಲಿ ಆಡಿದ ಮಾತಿಗೆ ತಾನು ಬೇಸರಪಡುವುದಿಲ್ಲ ಎಂದರು. ವಿಜ್ಞಾನದಲ್ಲಿ ಮಾತಿಗೆ ಬೆಲೆಯಿಲ್ಲ ಎಂದರು. ಬಾಗಿಲ ಪುಸ್ತಕದಲ್ಲಿ ಆ ಬೆಳಿಗ್ಗೆ ಯಾರೂ ಬಂದಿಲ್ಲ, ಸಮಿತಿ ನೋಡಿದೆ, ಮೃತನೇ ಒಪ್ಪಿದ್ದಾನೆ, ಎಂದರು.

"ಒರಟಾಗಿ ಹಿಡಿಯಲಿಲ್ಲ ಅನ್ನೋದಕ್ಕೆ ದಾಖಲೆ ಎಲ್ಲಿದೆ?" ಎಂದರು.

ದಾಖಲೆಯಿಲ್ಲದ ಸತ್ಯ ಕೋರ್ಟಿನಲ್ಲಿ ಎಷ್ಟು ದೂರ ನಡೆಯುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಗುಮಾಸ್ತ ಬಾಗಿಲಲ್ಲಿ ಬಂದು ನಿಂತು ಗಡಿಯಾರ ನೋಡಿದ.

ಹೆಂಡತಿ ಎದ್ದಳು. ಮಣೆಯ ಬಳಿ ಹೋಗಿ ಬಿಳಿ ಹೊದಿಕೆಯನ್ನು ಎರಡು ಮಡಿಕೆ ಮಾಡಿ ಸೊಂಟದವರೆಗೆ ಸರಿಸಿದಳು. ಗಂಡನ ಕೈಗಳು ಎದೆಯ ಮೇಲೆ ಕೂಡಿಕೊಂಡಿದ್ದವು. ಅವನ್ನು ಒಂದೊಂದಾಗಿ ಬಿಡಿಸಲು ನೋಡಿದಳು, ಸೆಟೆದಿದ್ದವು. ಅವಸರ ಮಾಡದೆ, ಮಣಿಕಟ್ಟನ್ನು ಕೆಳಗಿನಿಂದ ಹಿಡಿದು, ಮೆಲ್ಲಗೆ ಬದಿಗೆ ತಂದಳು. ಬೆರಳುಗಳನ್ನು ಅಗಲಿಸಿದಳು.

"ಒರಟಾಗಿ ಹಿಡಿದ್ರೆ ಇಲಿ ಏನು ಮಾಡುತ್ತೆ ಮಗೂ?" ಎಂದು ಹುಡುಗಿಯನ್ನು ಕೇಳಿದಳು.

"ಕಚ್ಚುತ್ತೆ."

"ನಿನ್ನ ಕೈ ತೋರಿಸು."

ಹುಡುಗಿ ಮುಂದೆ ಬಂದು ಎರಡೂ ಕೈ ಚಾಚಿದಳು. ಬಲ ತೋರುಬೆರಳಿನ ಮೇಲೆ ಮೂರು, ಹೆಬ್ಬೆರಳ ಬುಡದಲ್ಲಿ ಎರಡು, ಎಡಗೈಯಲ್ಲಿ ಎರಡು. ಬಿಳಿಯ ಸಣ್ಣ ಗೆರೆಗಳು, ಜೋಡಿ ಜೋಡಿ ಚುಕ್ಕೆಗಳು. ತೆಳು ರಬ್ಬರಿನ ಗವಸು ಇಲಿಯ ಹಲ್ಲನ್ನು ತಡೆಯುವುದಿಲ್ಲ. ನಾಲ್ಕು ವರ್ಷಕ್ಕೆ ಏಳು, ಎಂದಳು ಹುಡುಗಿ. ಪ್ರಾಣಿಮನೆಯ ನೌಕರರು ಹೇಳದೆಯೇ ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಕೈ ಚಾಚಿದರು. ಒಬ್ಬನ ಉಗುರೇ ಅರ್ಧ ಇರಲಿಲ್ಲ.

ಹೆಂಡತಿ ಗಂಡನ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಔಷಧದ ನೀರಿನಲ್ಲಿ ಮೂವತ್ತೊಂದು ವರ್ಷ ನೆನೆದು ಚರ್ಮ ಬಿರುಕು ಬಿಟ್ಟಿತ್ತು, ಉಗುರು ಹಳದಿಯಾಗಿತ್ತು. ಎಡಗೈಯ ಕಿರುಬೆರಳ ಪಕ್ಕದಲ್ಲಿ ಒಂದು ಮಾಸಿದ ಚುಕ್ಕೆಯನ್ನು ಅವಳೇ ತೋರಿಸಿದಳು.

"ಇದೊಂದಿದೆ. ಕೆಲಸಕ್ಕೆ ಸೇರಿದ ಮೊದಲ ವಾರದ್ದು. ತಪ್ಪು ನಂದೇ ಅಂತ ಇವರೇ ಹೇಳಿದ್ರು. ಇನ್ನೊಂದಿದ್ರೆ ಹುಡುಕಿ. ಇಲಿಗಳೇ ಬರೆಯೋ ಪುಸ್ತಕ ಇದು, ಬರೀಬೇಡ ಅಂತ ಅವಕ್ಕೆ ಯಾರೂ ಹೇಳೋಕಾಗಲ್ಲ. ಬಂದು ನೋಡಿ ಸಾರ್."

ಡ್ರೈವರ್ ಮೊದಲು ಬಂದು ನೋಡಿದ. ಆಮೇಲೆ ನೆರೆಯವರು, ಗಿರಾಕಿಗಳು, ನೌಕರರು ಸಾಲು ನಿಂತರು. ಪ್ರತಿಯೊಬ್ಬರೂ ಬಾಗಿ ಆ ಕೈಗಳನ್ನು ನೋಡಿ, ತಿರುಗಿ ಹೋಗುವಾಗ ಪ್ರೊಫೆಸರ ಕಡೆಗೆ ನೋಡಿದರು. ಸಮಯ ಮುಗಿಯಿತೆಂದು ಗುಮಾಸ್ತ ಎರಡು ಸಲ ಹೇಳಿದ. ಮೂರನೇ ಸಲ ಹೇಳಲು ಬಂದವನು ತಾನೂ ಸಾಲಿನ ಕೊನೆಗೆ ನಿಂತ.

ಪ್ರೊಫೆಸರ ಬಲಗೈ ಹೆಬ್ಬೆರಳಿನ ಮೇಲೆ ದೊಡ್ಡದೊಂದು ಗಾಯದ ಕಲೆಯಿತ್ತು. ವಿದ್ಯಾರ್ಥಿಯಾಗಿದ್ದಾಗ ಇಲಿ ಕಚ್ಚಿದ್ದು ಎಂದು ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಅದನ್ನು ಎತ್ತಿ ತೋರಿಸಿ ನಗಿಸುತ್ತಿದ್ದರು. ಸಾಲು ಕರಗುತ್ತ ಬಂದು ಅವರೊಬ್ಬರೇ ಉಳಿದರು. ಹೆಂಡತಿ ಗಂಡನ ಕೈ ಹಿಡಿದುಕೊಂಡೇ ಕಾಯುತ್ತಿದ್ದಳು. ಪ್ರೊಫೆಸರು ನಿಂತಲ್ಲೇ ನಿಂತಿದ್ದರು, ಬಲಗೈ ಕೋಟಿನ ಜೇಬಿನೊಳಗಿತ್ತು.